ವರ್ಣಶಿಲ್ಪಿ ಕೆ. ವೆಂಕಟಪ್ಪ (1886–1965): ಜೀವನ ಮತ್ತು ಜಲವರ್ಣ ಸಾಧನೆ

ಆಧುನಿಕ ಕರ್ನಾಟಕದ ಚಿತ್ರಕಲೆಯ ಇತಿಹಾಸದಲ್ಲಿ ವರ್ಣಶಿಲ್ಪಿ ಎಂಬ ಬಿರುದಿನಿಂದ ಖ್ಯಾತರಾದ ಕೆ. ವೆಂಕಟಪ್ಪನವರ ಹೆಸರು ಅಗ್ರಪಂಕ್ತಿಯಲ್ಲಿ ನಿಲ್ಲುತ್ತದೆ. ರಾಜ್ಯ ಸರ್ಕಾರವು ದೃಶ್ಯಕಲೆಯ ಕ್ಷೇತ್ರದಲ್ಲಿ ನೀಡುವ ಪ್ರಶಸ್ತಿಗೆ ಇವರ ಹೆಸರನ್ನೇ ಇರಿಸಲಾಗಿದೆ. ಆದಾಗ್ಯೂ ನವಲಗುಂದ, ಕುಂದಗೋಳ, ಕಲಘಟಗಿ ಮತ್ತು ಅಣ್ಣಿಗೇರಿ ತಾಲ್ಲೂಕುಗಳ ಗ್ರಾಮೀಣ ಶಾಲೆಗಳಿಂದ ಲೋಯರ್ ಮತ್ತು ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗೆ ಅರ್ಜಿ ಸಲ್ಲಿಸುವ ಅನೇಕ ವಿದ್ಯಾರ್ಥಿಗಳಿಗೆ ಈ ಹೆಸರು ಪ್ರಶಸ್ತಿಯ ಮೂಲಕ ಮಾತ್ರ ಪರಿಚಿತವಾಗಿದೆ. ಜಲವರ್ಣವನ್ನು ತಿಳಿಯಾಗಿ ಉಳಿಸಿಕೊಳ್ಳುವ ವಿದ್ಯೆಯಲ್ಲಿ ಅವರಷ್ಟು ನಿಷ್ಠೆಯಿಂದ ದುಡಿದವರು ವಿರಳ. ಈ ಕಾರಣದಿಂದ ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಅರ್ಜಿದಾರರು, ಪೋಷಕರು ಹಾಗೂ ಚಿತ್ರಕಲಾ ಶಿಕ್ಷಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಗ್ರಾಮೀಣ ವಿದ್ಯಾರ್ಥಿಗಳ ಚಿತ್ರಗಳನ್ನು ನೋಡಿದವರಿಗೆ ಒಂದು ಅಂಶ ತಿಳಿದೇ ಇರುತ್ತದೆ. ರೇಖೆ ಸರಿಯಾಗಿರುತ್ತದೆ, ಅಳತೆ ಸರಿಯಾಗಿರುತ್ತದೆ, ಪೆನ್ಸಿಲಿನ ಕೆಲಸ ಮುಗಿಯುವವರೆಗೆ ಚಿತ್ರ ಚೆನ್ನಾಗಿಯೇ ಇರುತ್ತದೆ. ಬಣ್ಣ ಹಚ್ಚಲು ಆರಂಭಿಸಿದ ಅರ್ಧ ಗಂಟೆಯಲ್ಲಿ ಎಲ್ಲವೂ ರಾಡಿಯಾಗಿಬಿಡುತ್ತದೆ. ಹಸಿರು ಕಂದಾಗುತ್ತದೆ, ಆಕಾಶ ಬೂದಿಯಾಗುತ್ತದೆ. ಇದನ್ನು ಕೈಗುಣದ ದೋಷವೆಂದು ಭಾವಿಸಿ ಮಕ್ಕಳು ಬಣ್ಣದ ಡಬ್ಬಿಯನ್ನೇ ಬದಿಗಿಡುವುದುಂಟು. ಇದು ಕೈಗುಣದ ದೋಷವಲ್ಲ. ಇದಕ್ಕೆ ಖಚಿತವಾದ ಕಾರಣಗಳಿವೆ, ಪರಿಹಾರಗಳೂ ಇವೆ. ವೆಂಕಟಪ್ಪನವರ ಬದುಕನ್ನು ಅನುಸರಿಸುತ್ತಾ ಹೋದಂತೆ ಅವುಗಳಲ್ಲಿ ಹೆಚ್ಚಿನವು ತಾವಾಗಿಯೇ ತಿಳಿದುಬರುತ್ತವೆ.

ವೆಂಕಟಪ್ಪನವರು 1886ರಲ್ಲಿ ಮೈಸೂರಿನ ಚಿತ್ರಗಾರ ಮನೆತನದಲ್ಲಿ ಜನಿಸಿದರು. ಅವರ ತಂದೆ ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರು. 1565ರಲ್ಲಿ ವಿಜಯನಗರದ ಪತನಾನಂತರ ಆಶ್ರಯ ಕಳೆದುಕೊಂಡ ಚಿತ್ರಗಾರ ಕುಟುಂಬಗಳು ನಾಡಿನ ಬೇರೆ ಬೇರೆ ಸಂಸ್ಥಾನಗಳಿಗೆ ಚದುರಿಹೋದವೆಂಬುದು ಕಲಾ ಇತಿಹಾಸದಿಂದ ತಿಳಿದುಬರುತ್ತದೆ. ಮೈಸೂರು ಶೈಲಿಯ ಚಿತ್ರಕಲೆ ಈ ಪರಂಪರೆಯಲ್ಲಿ ಬೆಳೆದದ್ದು. ಚಿತ್ರಗಾರ ಎಂಬ ಪದ ನಮ್ಮ ಜಿಲ್ಲೆಗೂ ಹೊಸದಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲುಗಳನ್ನು ತಲೆಮಾರುಗಳಿಂದ ಸಿದ್ಧಪಡಿಸುತ್ತ ಬಂದವರೂ ಚಿತ್ರಗಾರರೇ. ಸಾಗವಾನಿ ಕಟ್ಟಿಗೆಯ ಮೇಲೆ ಅರಗಿನ ಬಣ್ಣಗಳಿಂದ ರಾಮಾಯಣ, ಮಹಾಭಾರತ ಹಾಗೂ ಕೃಷ್ಣಲೀಲೆಯ ಪ್ರಸಂಗಗಳನ್ನು ಬಿಡಿಸುವ ಈ ಕೆಲಸದಲ್ಲಿ ಕೆಂಪು ಕೆಂಪಾಗಿಯೂ ಹಳದಿ ಹಳದಿಯಾಗಿಯೂ ಉಳಿಯುತ್ತದೆ. ಒಂದು ಬಣ್ಣ ಇನ್ನೊಂದರೊಳಗೆ ಹರಿಯುವುದಿಲ್ಲ. ಹಳೆಯ ತೊಟ್ಟಿಲು ಮನೆಯಲ್ಲಿರುವವರು ಅದನ್ನೊಮ್ಮೆ ಈ ದೃಷ್ಟಿಯಿಂದ ಪರಿಶೀಲಿಸಬಹುದು.

ಮೈಸೂರಿನ ಸಾಂಪ್ರದಾಯಿಕ ಚಿತ್ರಗಾರರು ಬಣ್ಣವನ್ನು ಅಂಗಡಿಯಿಂದ ತರುತ್ತಿರಲಿಲ್ಲ. ಖನಿಜ ಹಾಗೂ ಸಸ್ಯಮೂಲದ ದ್ರವ್ಯಗಳನ್ನು ಕಲ್ಲಿನ ಮೇಲೆ ಅರೆದು, ಸೋಸಿ, ಗೋಂದಿನೊಡನೆ ಬೆರೆಸಿ ಸಿದ್ಧಪಡಿಸುತ್ತಿದ್ದರು. ಇಂಗಳೀಕದಿಂದ ಕೆಂಪು, ಅರದಾಳದಿಂದ ಹಳದಿ, ನೀಲಿಗಿಡದಿಂದ ನೀಲಿ, ದೀಪದ ಕಾಡಿಗೆಯಿಂದ ಕಪ್ಪು ದೊರೆಯುತ್ತಿತ್ತು. ಸುಟ್ಟ ಹುಣಸೆ ಕಡ್ಡಿಯಿಂದ ಮೊದಲ ರೇಖೆ ಎಳೆಯುವುದು, ಅಳಿಲಿನ ಕೂದಲಿನ ಕುಂಚ ಬಳಸುವುದು ವಾಡಿಕೆಯಾಗಿತ್ತು. ಬಣ್ಣವನ್ನು ತಾನೇ ಅರೆದವನಿಗೆ ಯಾವುದನ್ನು ಯಾವುದರೊಡನೆ ಬೆರೆಸಬಾರದೆಂಬ ಜ್ಞಾನ ಅನಿವಾರ್ಯ. ಉದಾಹರಣೆಗೆ ಅರದಾಳವನ್ನು ಸೀಸದಿಂದ ಅಥವಾ ತಾಮ್ರದಿಂದ ತಯಾರಾದ ಬಣ್ಣಗಳೊಡನೆ ಬೆರೆಸಿದರೆ ಕಾಲಕ್ರಮೇಣ ಅದು ಕಪ್ಪಾಗುತ್ತದೆ. ಅಂದರೆ ಬಣ್ಣದ ನಿರ್ಮಲತೆ ಎಂಬುದು ಆ ಮನೆತನಗಳಲ್ಲಿ ಅಭಿರುಚಿಯ ಪ್ರಶ್ನೆ ಮಾತ್ರವಾಗಿರದೆ, ದ್ರವ್ಯಗುಣದ ತಿಳಿವಳಿಕೆಯೂ ಆಗಿತ್ತು. (ಅರದಾಳ ಮತ್ತು ಇಂಗಳೀಕ ಎರಡೂ ವಿಷಕಾರಿ ವಸ್ತುಗಳಾದ್ದರಿಂದ ವಿದ್ಯಾರ್ಥಿಗಳು ಅವುಗಳನ್ನು ಬಳಸುವ ಪ್ರಯತ್ನ ಮಾಡಕೂಡದು.)

ಬಾಲಕನ ಪ್ರತಿಭೆಯನ್ನು ಗುರುತಿಸಿದ ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ ವೆಂಕಟಪ್ಪನವರು 1909ರಲ್ಲಿ ಉನ್ನತ ಶಿಕ್ಷಣಕ್ಕಾಗಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯನ್ನು ಸೇರಿದರು. ಪರ್ಸಿ ಬ್ರೌನ್ ಅಲ್ಲಿನ ಪ್ರಾಂಶುಪಾಲರಾಗಿದ್ದರು. ಅವನೀಂದ್ರನಾಥ ಠಾಕೂರರು ಉಪಪ್ರಾಂಶುಪಾಲರಾಗಿದ್ದು, ನಂದಲಾಲ ಬೋಸ್, ಅಸಿತಕುಮಾರ ಹಾಲ್ದಾರ್, ಕ್ಷಿತೀಂದ್ರನಾಥ ಮಜುಂದಾರ್ ಮೊದಲಾದವರು ಅವರ ಶಿಷ್ಯವೃಂದದಲ್ಲಿದ್ದರು. ಮುಂದೆ ಬಂಗಾಳ ಶೈಲಿ ಎಂದು ಪ್ರಸಿದ್ಧವಾದ ಈ ಬಳಗದಲ್ಲಿ ಕನ್ನಡ ನಾಡಿನಿಂದ ಹೋದ ವೆಂಕಟಪ್ಪನವರಿಗೂ ಗೌರವದ ಸ್ಥಾನ ದೊರೆಯಿತು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ರಚಿಸಿದ, ಹಿಂದೂ ಹಾಗೂ ಬೌದ್ಧ ಪುರಾಣಕಥೆಗಳ ಗ್ರಂಥವು 1913ರಲ್ಲಿ ಪ್ರಕಟವಾದಾಗ ಅದರಲ್ಲಿ ಅವನೀಂದ್ರನಾಥ ಹಾಗೂ ನಂದಲಾಲರ ಚಿತ್ರಗಳ ಜೊತೆಗೆ ವೆಂಕಟಪ್ಪನವರ ಚಿತ್ರಗಳೂ ಸೇರಿದ್ದವು.

ಕಲ್ಕತ್ತೆಯಲ್ಲಿ ಅವರು ಕಲಿತ ಮುಖ್ಯ ವಿಧಾನವೆಂದರೆ ವಾಶ್ ಪದ್ಧತಿ. 1903ರಲ್ಲಿ ಜಪಾನಿನಿಂದ ಕಲ್ಕತ್ತೆಗೆ ಬಂದಿದ್ದ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೋ ಎಂಬ ಕಲಾವಿದರ ಕೆಲಸವನ್ನು ನೋಡಿ ಅವನೀಂದ್ರನಾಥರು ಇದನ್ನು ರೂಪಿಸಿಕೊಂಡರು. ಚಿತ್ರಕ್ಕೆ ತೆಳುವಾದ ಬಣ್ಣ ಹಚ್ಚಿ ಪೂರ್ಣವಾಗಿ ಒಣಗಿಸುವುದು, ಅನಂತರ ಕಾಗದವನ್ನೇ ನೀರಿನಲ್ಲಿ ಅದ್ದಿ ಮೇಲೆ ನಿಂತ ಹೆಚ್ಚುವರಿ ಬಣ್ಣ ಹೋಗುವಂತೆ ಮಾಡುವುದು, ಮತ್ತೆ ಒಣಗಿಸಿ ಮತ್ತೊಂದು ತೆಳು ಪದರ ಹಚ್ಚುವುದು, ಹೀಗೆ ಹಲವು ಬಾರಿ ಸಾಗುವ ಕ್ರಮವಿದು. ಕಾಗದದೊಳಗೆ ಇಳಿದ ಬಣ್ಣ ಮಾತ್ರ ಉಳಿಯುವುದರಿಂದ ಚಿತ್ರಕ್ಕೆ ಒಳಗಿನಿಂದ ಬಂದಂತಹ ಕಾಂತಿ ಲಭಿಸುತ್ತದೆ. ಈ ವಿಧಾನಕ್ಕೆ ದಪ್ಪನೆಯ ಉತ್ತಮ ಕಾಗದ ಬೇಕು. ನಮ್ಮ ಶಾಲೆಗಳಲ್ಲಿ ದೊರೆಯುವ ತೆಳು ಕಾರ್ಟ್ರಿಜ್ ಕಾಗದವನ್ನು ನೀರಿನಲ್ಲಿ ಅದ್ದಿದರೆ ಚಿತ್ರವೂ ಕಾಗದವೂ ಕೈಗೆ ಬರಲಾರವು. ಆದರೆ ಇದರ ಒಳಗಿನ ತತ್ತ್ವ ಎಲ್ಲರಿಗೂ ಅನ್ವಯಿಸುತ್ತದೆ. ಮೊದಲ ಪದರ ಒಣಗದೆ ಎರಡನೆಯದನ್ನು ಹಚ್ಚಬಾರದು. ಅರ್ಧ ಹಸಿಯಾದ ಬಣ್ಣವನ್ನು ಕುಂಚದಿಂದ ಕೆದಕಿದರೆ ಕೆಳಗಿನ ಬಣ್ಣ ಮೇಲೆದ್ದು ಮೇಲಿನದರೊಡನೆ ಕಲಸಿಹೋಗುತ್ತದೆ. ಕಾಗದದ ಎಳೆಗಳೂ ಎದ್ದು ಆ ಜಾಗ ಕೊಳೆಯಾಗಿ ಕಾಣುತ್ತದೆ. ರಾಡಿಯ ಪೈಕಿ ಬಹುಪಾಲು ಹುಟ್ಟುವುದು ಇಲ್ಲಿಯೇ.

ಕುಂದಗೋಳ ಭಾಗದ ಮೆಣಸಿನಕಾಯಿ ಹೊಲವನ್ನು ಚಿತ್ರಿಸಲು ಹೊರಟ ವಿದ್ಯಾರ್ಥಿಯ ಸಂಗತಿಯನ್ನೇ ತೆಗೆದುಕೊಳ್ಳಬಹುದು. ಹಸಿರು ಗಿಡ, ಅದರಲ್ಲಿ ಕೆಂಪು ಹಣ್ಣು. ಹಸಿರು ಇನ್ನೂ ಹಸಿಯಾಗಿರುವಾಗ ಕೆಂಪು ಇಟ್ಟರೆ ಎರಡೂ ಕೂಡಿ ಕಂದುಬಣ್ಣವಾಗುತ್ತದೆ. ಹಸಿರಿನಲ್ಲಿ ಹಳದಿ ಮತ್ತು ನೀಲಿ ಈಗಾಗಲೇ ಇರುವುದರಿಂದ ಕೆಂಪು ಸೇರಿದೊಡನೆ ಮೂರೂ ಮೂಲವರ್ಣಗಳು ಒಂದೆಡೆ ಸೇರಿದಂತಾಯಿತು. ಮೂರೂ ಸೇರಿದಲ್ಲಿ ಬೂದು ಅಥವಾ ಕಂದು ಹುಟ್ಟುವುದು ಬಣ್ಣದ ಸ್ವಭಾವ. ಕಾಯಿಯ ಜಾಗವನ್ನು ಬಿಳಿಯಾಗಿಯೇ ಬಿಟ್ಟು, ಹಸಿರು ಒಣಗಿದ ಮೇಲೆ ಅಲ್ಲಿ ಕೆಂಪು ತುಂಬಿದರೆ ತೊಂದರೆಯಿಲ್ಲ.

1916ರ ಸುಮಾರಿಗೆ ಕಲ್ಕತ್ತೆಯ ಶಿಕ್ಷಣ ಮುಗಿಸಿ ವೆಂಕಟಪ್ಪನವರು ಮೈಸೂರಿಗೆ ಹಿಂದಿರುಗಿದರು. ಈ ಅವಧಿಯಲ್ಲಿ ಅವರ ಮನಸ್ಸು ಸಂಗೀತದ ಕಡೆಗೂ ಹರಿಯಿತು. ಪ್ರಸಿದ್ಧ ವೈಣಿಕರಾದ ವೀಣೆ ಶೇಷಣ್ಣನವರಲ್ಲಿ ವೀಣಾಭ್ಯಾಸ ಮಾಡಿ, ಅದನ್ನು ಚಿತ್ರಕಲೆಯಷ್ಟೇ ಗಂಭೀರವಾಗಿ ಮುಂದುವರಿಸಿದರು. ವೀಣೆಯ ಹುಚ್ಚು ಎಂಬ ಅರ್ಥದ ಶೀರ್ಷಿಕೆಯುಳ್ಳ ಚಿತ್ರವೊಂದರಲ್ಲಿ ತಮ್ಮನ್ನೇ ವಸ್ತುವಾಗಿಸಿಕೊಂಡರು. ವೆಂಕಟಪ್ಪನವರು ಜನಿಸಿದ 1886ರಲ್ಲಿಯೇ ಕುಂದಗೋಳದ ಕೀರ್ತಿಯಾದ ಸವಾಯಿ ಗಂಧರ್ವರೂ ಜನಿಸಿದರೆಂಬುದನ್ನು ನಮ್ಮ ಓದುಗರು ಗಮನಿಸಬಹುದು. ಅವರು ತಮ್ಮ ಶಿಷ್ಯ ಭೀಮಸೇನ ಜೋಶಿಯವರಿಗೆ ತೋಡಿ, ಮುಲ್ತಾನಿ, ಪೂರಿಯಾದಂತಹ ಕೆಲವೇ ರಾಗಗಳ ಮೇಲೆ ವರ್ಷಗಟ್ಟಲೆ ಸಾಧನೆ ಮಾಡಿಸಿದರು. ಹಲವು ರಾಗಗಳನ್ನು ಮೇಲೆ ಮೇಲೆ ಮುಟ್ಟುವ ಬದಲು ಕೆಲವನ್ನು ಆಳವಾಗಿ ಅರಿಯುವ ಈ ಕ್ರಮ ಬಣ್ಣದ ಡಬ್ಬಿಗೂ ಸಲ್ಲುತ್ತದೆ. ಇಪ್ಪತ್ತನಾಲ್ಕು ಬಣ್ಣಗಳ ಡಬ್ಬಿಗೆ ಹಣ ತೆರುವುದಕ್ಕಿಂತ ಆರೇಳು ಬಣ್ಣಗಳನ್ನು ಕೊಂಡು ಅವುಗಳ ಸ್ವಭಾವವನ್ನು ತಿಳಿಯುವುದು ಲೇಸು. ಪೋಷಕರ ಜೇಬಿಗೂ ಅದು ಹಿತ.

ಸ್ವಭಾವ ಎಂದಾಗ ಮುಖ್ಯವಾಗಿ ತಿಳಿಯಬೇಕಾದದ್ದು, ಡಬ್ಬಿಯಲ್ಲಿರುವ ಪ್ರತಿಯೊಂದು ಬಣ್ಣವೂ ಯಾವುದಾದರೊಂದು ಕಡೆಗೆ ವಾಲಿರುತ್ತದೆ ಎಂಬುದನ್ನು. ವರ್ಮಿಲಿಯನ್ ಕೆಂಪು ಕಿತ್ತಳೆಯ ಕಡೆಗೆ ವಾಲಿದೆ, ಅಂದರೆ ಅದರೊಳಗೆ ಹಳದಿಯ ಅಂಶ ಅಡಗಿದೆ. ಕ್ರಿಮ್ಸನ್ ಕೆಂಪು ನೇರಳೆಯ ಕಡೆಗೆ ವಾಲಿದೆ. ಅಲ್ಟ್ರಾಮರೀನ್ ನೀಲಿಯೂ ನೇರಳೆಯ ಕಡೆಗಿದ್ದರೆ, ಪ್ರಷ್ಯನ್ ನೀಲಿ ಹಸಿರಿನ ಕಡೆಗಿದೆ. ಬದನೆಕಾಯಿಯ ನೇರಳೆ ಬೇಕಾದವರು ಕ್ರಿಮ್ಸನ್ನಿಗೆ ಅಲ್ಟ್ರಾಮರೀನ್ ಬೆರೆಸಿದರೆ ಶುದ್ಧ ನೇರಳೆ ಬರುತ್ತದೆ. ಅದೇ ನೀಲಿಗೆ ವರ್ಮಿಲಿಯನ್ ಬೆರೆಸಿದರೆ ಅಡಗಿದ್ದ ಹಳದಿ ತನ್ನ ಕೆಲಸ ಮಾಡಿ ಮಂಕಾದ ಕಂದು ದೊರೆಯುತ್ತದೆ. ಹಾಗೆಯೇ ಎಳೆಯ ಜೋಳದ ಪೈರಿನ ಹಸಿರಿಗೆ ಲೆಮನ್ ಹಳದಿ ಮತ್ತು ಪ್ರಷ್ಯನ್ ನೀಲಿ ಯೋಗ್ಯ. ಓಕರ್ ಹಳದಿಗೆ ಅಲ್ಟ್ರಾಮರೀನ್ ಸೇರಿಸಿದರೆ ಒಣಗಿದ ಹುಲ್ಲಿನ ಮಬ್ಬು ಹಸಿರು ಬರುತ್ತದೆ. ಅದೂ ಬೇಕಾದ ಸಂದರ್ಭವುಂಟು, ಆದರೆ ತಿಳಿದು ಬಳಸಬೇಕು. ಒಂದು ಮಿಶ್ರಣದಲ್ಲಿ ಎರಡು ಬಣ್ಣಗಳಿಗೆ ನಿಲ್ಲುವುದು ಕ್ಷೇಮ. ಮೂರನೆಯದನ್ನು ಸೇರಿಸುವ ಮುನ್ನ ಯೋಚಿಸತಕ್ಕದ್ದು, ನಾಲ್ಕನೆಯದನ್ನು ಸೇರಿಸಲೇಬಾರದು.

ಬೆಂಗಳೂರಿನಲ್ಲಿ ನೆಲೆಸಿದ ನಂತರ, 1920ರ ದಶಕದ ಮಧ್ಯಭಾಗದಿಂದ 1930ರ ದಶಕದ ಆರಂಭದವರೆಗೆ, ವೆಂಕಟಪ್ಪನವರು ತಮ್ಮ ಜೀವನದ ಶ್ರೇಷ್ಠ ಕೆಲಸವೆಂದು ಹಲವರು ಪರಿಗಣಿಸುವ ಉದಕಮಂಡಲದ ಭೂದೃಶ್ಯ ಮಾಲಿಕೆಯನ್ನು ರಚಿಸಿದರು. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಆ ಗಿರಿಪಟ್ಟಣದಲ್ಲಿ ಮೋಡ, ಮಂಜು, ಬೆಳದಿಂಗಳು, ಸೂರ್ಯೋದಯ ಹಾಗೂ ಕೆರೆಯ ನೀರು ಅವರ ವಸ್ತುಗಳಾದವು. ಪುರಾಣದ ಪಾತ್ರಗಳಿಲ್ಲ, ಕಥೆಯಿಲ್ಲ. ಬೆಟ್ಟದ ಸಾಲೊಂದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ದೂರ ಹೋದಂತೆ ತಿಳಿಯಾಗುತ್ತಾ ಮಂಜಿನಲ್ಲಿ ಕರಗುತ್ತವೆ. ಬಂಗಾಳ ಶೈಲಿಯ ವಾಶ್ ಚಿತ್ರಗಳಲ್ಲಿ ಮಬ್ಬು ಅತಿಯಾಯಿತೆಂಬ ಟೀಕೆ ಆ ಕಾಲದಿಂದಲೂ ಇದೆ. ವೆಂಕಟಪ್ಪನವರ ಈ ಮಾಲಿಕೆಗೆ ಆ ಟೀಕೆ ತಟ್ಟುವುದಿಲ್ಲ ಎಂಬುದು ಈ ಲೇಖನ ಸಿದ್ಧಪಡಿಸಿದವರ ಅಭಿಪ್ರಾಯ. ಇಲ್ಲಿ ಮಂಜು ಮಂಜಾಗಿ ಕಾಣುತ್ತದೆ, ಬಣ್ಣ ಮಾತ್ರ ಮಬ್ಬಾಗಿಲ್ಲ.

ಪಾರದರ್ಶಕ ಜಲವರ್ಣದಲ್ಲಿ ಬೆಳಕು ಬರುವುದು ಕಾಗದದಿಂದ. ಕಿರಣವು ಬಣ್ಣದ ತೆಳು ಪದರವನ್ನು ದಾಟಿ, ಬಿಳಿ ಕಾಗದಕ್ಕೆ ತಾಗಿ, ಮತ್ತೆ ಬಣ್ಣದ ಮೂಲಕ ಹೊರಬಂದು ನಮ್ಮ ಕಣ್ಣು ಸೇರುತ್ತದೆ. ಪದರ ದಪ್ಪವಾದಷ್ಟೂ ಕಿರಣ ಒಳಗೇ ಉಳಿದು ಚಿತ್ರ ಕಳೆಗುಂದುತ್ತದೆ. ಬಿಳಿ ಬೇಕಾದಲ್ಲಿ ಚೈನೀಸ್ ವೈಟ್ ಬಳಿದರೆ ಸುಣ್ಣ ಹಚ್ಚಿದ ಗೋಡೆಯಂತಾಗುತ್ತದೆ, ಇತರ ಬಣ್ಣಗಳಿಗೆ ಅದನ್ನು ಬೆರೆಸಿದರೆ ಅವೂ ಪಾರದರ್ಶಕತೆ ಕಳೆದುಕೊಳ್ಳುತ್ತವೆ. ಆದ್ದರಿಂದ ಬೆಳಕಿನ ಜಾಗವನ್ನು ಮೊದಲೇ ನಿರ್ಧರಿಸಿ ಖಾಲಿ ಬಿಡುವುದು, ತಿಳಿ ಬಣ್ಣದಿಂದ ಆರಂಭಿಸಿ ಕಡು ಬಣ್ಣದೆಡೆಗೆ ಸಾಗುವುದು ಈ ಮಾಧ್ಯಮದ ಕ್ರಮ. ಒಣಗಿದ ಹಳದಿಯ ಮೇಲೆ ತೆಳು ನೀಲಿ ಹರಿಸಿದರೆ ದೊರೆಯುವ ಹಸಿರು, ತಟ್ಟೆಯಲ್ಲಿ ಕಲಸಿದ ಹಸಿರಿಗಿಂತ ಎಷ್ಟೋ ವೇಳೆ ಹೆಚ್ಚು ಕಾಂತಿಯುತವಾಗಿರುತ್ತದೆ. ವಾಣಿಜ್ಯಶಾಸ್ತ್ರ ಓದಿದವರಿಗೆ ಇದು ಶಾಯಿಯಲ್ಲಿ ಬರೆದ ಖಾತೆಪುಸ್ತಕವನ್ನು ನೆನಪಿಸದಿರದು: ಒಮ್ಮೆ ಬಿದ್ದ ನಮೂದನ್ನು ಅಳಿಸಿ ತಿದ್ದುವ ಅವಕಾಶವಿಲ್ಲ, ತಿದ್ದಿದಷ್ಟೂ ಪುಟ ಕೆಡುತ್ತದೆ.

ನಮ್ಮ ಭಾಗದ ದೃಶ್ಯಗಳನ್ನು ಬಿಡಿಸುವವರಿಗೆ ಇನ್ನೊಂದು ಕಷ್ಟವಿದೆ. ನವಲಗುಂದ ಮತ್ತು ಅಣ್ಣಿಗೇರಿಯ ಎರೆ ಭೂಮಿ ಕಪ್ಪು. ಅದನ್ನು ಡಬ್ಬಿಯ ಕಪ್ಪಿನಿಂದಲೇ ಬಳಿದುಬಿಡುವುದು ಸಾಮಾನ್ಯ ಅಭ್ಯಾಸ. ಪರಿಣಾಮವಾಗಿ ಹೊಲ ಹೊಲದಂತೆ ಕಾಣದೆ ಚಿತ್ರದಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಜೀವಂತಿಕೆಯುಳ್ಳ ಕಪ್ಪು ಸಿದ್ಧವಾಗುತ್ತದೆ. ನೀಲಿ ಹೆಚ್ಚಿಸಿದರೆ ಮಳೆ ಬಿದ್ದ ಹಸಿ ಎರೆ, ಸಿಯೆನ್ನಾ ಹೆಚ್ಚಿಸಿದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ. ಕಲಘಟಗಿಯ ಕಡೆಯ ಕೆಂಪು ಮಣ್ಣಿಗೆ ಸಿಯೆನ್ನಾ ಒಂದೇ ಸಾಕಾಗುತ್ತದೆ. ಮುಂಗಾರಿನ ಮೋಡಕ್ಕೂ ಇದೇ ಎರಡು ಬಣ್ಣಗಳನ್ನು ಹೆಚ್ಚು ನೀರಿನೊಡನೆ ಬಳಸಬಹುದು. ಕುಂಚ ತೊಳೆಯಲು ಒಂದು ಪಾತ್ರೆ, ಬಣ್ಣ ಕಲಸಲು ತಿಳಿನೀರಿನ ಇನ್ನೊಂದು ಪಾತ್ರೆ ಇರತಕ್ಕದ್ದು. ಒಂದೇ ಲೋಟದ ಕೊಳೆನೀರಿನಲ್ಲಿ ಇಡೀ ಚಿತ್ರ ಮುಗಿಸಿದರೆ ಮೇಲೆ ಹೇಳಿದ ಯಾವ ಕ್ರಮವೂ ಫಲ ಕೊಡದು. ಬಣ್ಣಗಳನ್ನು ಬೆರೆಸದೆಯೇ ಪಕ್ಕಪಕ್ಕದಲ್ಲಿಟ್ಟು ಸೊಗಸು ತರುವುದಕ್ಕೆ ನವಲಗುಂದದ ಜಮಖಾನೆಗಿಂತ ಹತ್ತಿರದ ಮಾದರಿ ಬೇಕಿಲ್ಲ.

ವೆಂಕಟಪ್ಪನವರು ಚಿತ್ರಕಾರರು ಮಾತ್ರವಾಗಿರಲಿಲ್ಲ. ದಂತದ ಮೇಲೆ ಅತಿ ಸೂಕ್ಷ್ಮವಾದ ಭಾವಚಿತ್ರಗಳನ್ನು ರಚಿಸಿದರು, ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪಗಳನ್ನೂ ನಿರ್ಮಿಸಿದರು. ಮೈಸೂರು ಅರಮನೆಗಾಗಿ ಕೈಗೊಂಡ ಉಬ್ಬುಶಿಲ್ಪಗಳ ಕಾರ್ಯ ನಾಲ್ವಡಿಯವರ ಪ್ರೋತ್ಸಾಹದಿಂದ ನಡೆದಿತ್ತು. ಮಹಾರಾಜರು 1940ರಲ್ಲಿ ನಿಧನರಾದ ಬಳಿಕ ಪರಿಸ್ಥಿತಿ ಬದಲಾಯಿತು. ಕೆಲಸದ ಪ್ರತಿಫಲದ ವಿಷಯದಲ್ಲಿ ಅರಮನೆಯೊಡನೆ ಭಿನ್ನಾಭಿಪ್ರಾಯ ಉಂಟಾಗಿ ವ್ಯಾಜ್ಯವು ನ್ಯಾಯಾಲಯದವರೆಗೂ ಹೋಯಿತು. ತಮ್ಮನ್ನು ಕಲ್ಕತ್ತೆಗೆ ಕಳುಹಿಸಿದ ಆಶ್ರಯದ ವಿರುದ್ಧವೇ ನಿಲ್ಲುವುದು ಅವರಿಗೆ ಸುಲಭವಾಗಿರಲಾರದು. ಆದರೆ ತಮ್ಮ ಕೆಲಸದ ಬೆಲೆಯ ವಿಷಯದಲ್ಲಿ ಅವರು ರಾಜಿಗೆ ಒಪ್ಪಲಿಲ್ಲ. ಅನಂತರ ಅವರ ಕಲಾರಚನೆ ಬಹುಮಟ್ಟಿಗೆ ನಿಂತೇಹೋಯಿತು. ಐವತ್ತರ ಅಂಚು ದಾಟಿದ, ಕೈ ಪಳಗಿದ ಕಲಾವಿದರೊಬ್ಬರು ಹೀಗೆ ಕುಂಚವನ್ನು ಕೆಳಗಿಟ್ಟದ್ದರಿಂದ ನಾಡಿಗಾದ ನಷ್ಟವನ್ನು ಯಾವ ಪ್ರಶಸ್ತಿಯೂ ತುಂಬಿಕೊಡಲಾರದು.

ಅವಿವಾಹಿತರಾಗಿಯೇ ಉಳಿದ ಅವರು ಏಕಾಂತಪ್ರಿಯರು, ಶಿಸ್ತಿನ ವಿಷಯದಲ್ಲಿ ಕಟ್ಟುನಿಟ್ಟಿನವರು, ದಿನಚರಿ ಬರೆದಿಡುವ ಅಭ್ಯಾಸವುಳ್ಳವರು. ಕಲೆಯನ್ನು ಬಿಟ್ಟ ವರ್ಷಗಳಲ್ಲಿಯೂ ವೀಣೆ ಅವರ ಜೊತೆಗಿತ್ತು. ಕೇಂದ್ರ ಲಲಿತಕಲಾ ಅಕಾದೆಮಿಯು 1962ರಲ್ಲಿ ತನ್ನ ಫೆಲೋ ಆಗಿ ಆಯ್ಕೆ ಮಾಡಿ ಗೌರವಿಸಿತು. 1965ರಲ್ಲಿ ವೆಂಕಟಪ್ಪನವರು ನಿಧನರಾದರು.

ಅವರ ಸ್ಮರಣಾರ್ಥ ಸರ್ಕಾರವು 1970ರ ದಶಕದಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿ ವೆಂಕಟಪ್ಪ ಚಿತ್ರಶಾಲೆಯನ್ನು ಸ್ಥಾಪಿಸಿತು. ಉದಕಮಂಡಲದ ಮಾಲಿಕೆ ಸೇರಿದಂತೆ ಅವರ ಕೃತಿಗಳ ಪ್ರಮುಖ ಸಂಗ್ರಹ ಈ ಸಂಸ್ಥೆಯಲ್ಲಿದೆ. ಶೈಕ್ಷಣಿಕ ಪ್ರವಾಸದಲ್ಲಿ ಮಕ್ಕಳನ್ನು ಕರೆದೊಯ್ಯುವ ಶಾಲೆಗಳು ಪ್ರವೇಶದ ದಿನ ಹಾಗೂ ಸಮಯವನ್ನು ಮುಂಚಿತವಾಗಿ ವಿಚಾರಿಸಿಕೊಂಡು ಹೊರಡುವುದು ಸೂಕ್ತ. ಚಿತ್ರಗಳ ಮುಂದೆ ನಿಂತಾಗ ಬೆಟ್ಟದ ಅಂಚು ಆಕಾಶವನ್ನು ಮುಟ್ಟುವ ಜಾಗವನ್ನು ಹತ್ತಿರದಿಂದ ಗಮನಿಸುವಂತೆ ವಿದ್ಯಾರ್ಥಿಗಳಿಗೆ ಶಿಕ್ಷಕರು ತಿಳಿಸಬೇಕು. ಯಾವ ಪದರ ಮೊದಲು ಒಣಗಿತು, ಯಾವುದು ಅನಂತರ ಬಂತು, ಎಲ್ಲಿ ಕಾಗದವನ್ನು ಹಾಗೆಯೇ ಬಿಡಲಾಗಿದೆ ಎಂಬುದನ್ನು ಅಲ್ಲಿ ಹುಡುಕಿ ನೋಡಬಹುದು.